‘ಎನ್‌ಗ್ರೇವ್’ ಎಂಬ ಇಂಗ್ಲಿಷ್ ಕ್ರಿಯಾಪದದ ವಾಚ್ಯವೂ ಲಕ್ಷ್ಯವೂ

ಲೋಹ, ಶಿಲೆ, ದಾರು ಮೊದಲಾದ ಕಠಿನದ್ರವ್ಯಗಳ ಮೇಲೆ ಅಕ್ಷರವನ್ನಾಗಲಿ ರೂಪವನ್ನಾಗಲಿ ಕೊರೆಯುವ ಕೆಲಸಕ್ಕೆ ಇಂಗ್ಲಿಷಿನಲ್ಲಿ ‘ಎನ್‌ಗ್ರೇವ್’ ಎಂಬ ಕ್ರಿಯಾಪದವು ಬಳಕೆಯಲ್ಲಿದೆ. ಅಕ್ಕಸಾಲಿಗನು ಉಂಗುರದ ಮೇಲೆ ಹೆಸರು ಕೊರೆಯುವುದನ್ನೂ ಅದೇ ಮಾತು ಹೇಳುತ್ತದೆ. ತೀರಿಹೋದ ತಾಯಿಯ ಮುಖವು ಮಗನ ಹೃದಯದಲ್ಲಿ ನೆಲೆಯಾಗಿ ನಿಂತಿರುವುದನ್ನೂ ಅದೇ ಮಾತು ಹೇಳುತ್ತದೆ. ನಿಘಂಟುಕಾರರು ಮೊದಲನೆಯದನ್ನು ವಾಚ್ಯಾರ್ಥವೆಂದು ಮುಂದಿಟ್ಟು ಎರಡನೆಯದನ್ನು ಲಾಕ್ಷಣಿಕಾರ್ಥವೆಂದು ಅದರ ಹಿಂದೆ ಕೊಡುತ್ತಾರೆ. ಈ ಕ್ರಮವನ್ನು ಕಂಡ ವಾಚಕನು, ಕುಶಲಕರ್ಮಿಗಳು ಮೊದಲು ಬಳಸಿದ ಮಾತನ್ನು ಕವಿಗಳು ಆಮೇಲೆ ಎರವಲಾಗಿ ತೆಗೆದುಕೊಂಡರೆಂದು ಭಾವಿಸುವುದು ಸಹಜ. ಆದರೆ ಚರಿತ್ರೆಯು ಇದನ್ನು ಪೂರ್ತಿಯಾಗಿ ಅನುಮೋದಿಸುವುದಿಲ್ಲ. ಹೃದಯದ ಮೇಲಣ ಕೊರೆತವೆಂಬ ಭಾವನೆಯು ಈ ಇಂಗ್ಲಿಷ್ ಪದಕ್ಕಿಂತ ಎರಡು ಸಾವಿರ ವರ್ಷಗಳಷ್ಟು ಹಳೆಯದು. ಅದು ಇಂಗ್ಲಿಷರಿಗೆ ದೊರೆತ ಮುಖ್ಯವಾದ ಮೂಲದಲ್ಲಿ ಸ್ಮೃತಿಯನ್ನು ಮಾತ್ರ ಸೂಚಿಸುತ್ತಿರಲಿಲ್ಲ, ಶಾಸನವನ್ನು ಸೂಚಿಸುತ್ತಿತ್ತು. ಬಳಿಕ ಅದು ಮನುಷ್ಯನ ಹುಟ್ಟುಗುಣವನ್ನು ಸೂಚಿಸತೊಡಗಿತು. ಕಟ್ಟಕಡೆಗೆ ಉಳಿದದ್ದು ನೆನಪು. ಹದಿನೇಳನೆಯ ಶತಮಾನದ ಗದ್ಯವನ್ನು ಪಾಠ ಹೇಳುವಾಗ ಈ ಪದ ಬಂದಲ್ಲೆಲ್ಲ ‘ಚೆನ್ನಾಗಿ ನೆನಪಿಡು’ ಎಂದು ಅರ್ಥ ಬರೆಸಿದರೆ, ಆ ಗದ್ಯದ ವಿವಾದವೇ ವಿದ್ಯಾರ್ಥಿಯ ಕೈಬಿಟ್ಟುಹೋಗುತ್ತದೆ.

ಮೊದಲು ಪದದ ನಿಷ್ಪತ್ತಿ. ಪ್ರಾಚೀನ ಇಂಗ್ಲಿಷಿನಲ್ಲಿ ‘ಗ್ರಾಫನ್’ ಎಂಬ ಧಾತುವಿಗೆ ಅಗೆಯುವುದು, ಕೊರೆಯುವುದು ಎಂಬ ಎರಡು ಅರ್ಥಗಳೂ ಇದ್ದುವು. ಜರ್ಮನ್ ಭಾಷೆಯ ‘ಗ್ರಾಬೆನ್’ ಇದರ ಸೋದರಪದ. ಹೆಣವನ್ನು ಹೂಳುವ ಗುಂಡಿಗೆ ಇಂಗ್ಲಿಷಿನಲ್ಲಿರುವ ‘ಗ್ರೇವ್’ ಎಂಬ ನಾಮಪದವೂ, ಡಚ್ಚರಿಂದ ಬಂದ ‘ಗ್ರೂವ್’ ಎಂದರೆ ತೋಡು ಎಂಬ ಮಾತೂ ಇದೇ ಕುಲಕ್ಕೆ ಸೇರಿದುವು. ‘ಎನ್’ ಎಂಬ ಉಪಸರ್ಗ ಸೇರಿದ ರೂಪವು ಹದಿನೈದನೆಯ ಶತಮಾನದ ಕೊನೆಯಲ್ಲಿ, ಫ್ರೆಂಚ್ ಪದದ ಪ್ರಭಾವಕ್ಕೂ ಒಳಗಾಗಿ, ಕಾಣಿಸಿಕೊಳ್ಳುತ್ತದೆ. ಅದು ಬಂದ ಮೇಲೆ ಉಪಸರ್ಗವಿಲ್ಲದ ಹಳೆಯ ಕ್ರಿಯಾಪದವು ಮೂಲೆಗೆ ಸರಿಯಿತು. ಈಗ ಅದು ಧರ್ಮಗ್ರಂಥದಲ್ಲಿ ನಿಷೇಧಿಸಲ್ಪಟ್ಟ ‘ಕೊರೆದ ವಿಗ್ರಹ’ ಎಂಬ ಮಾತಿನಲ್ಲಿಯೂ, ಕೊರೆಯುವ ಉಳಿಯ ಹೆಸರಿನಲ್ಲಿಯೂ ಹೆಚ್ಚಾಗಿ ಉಳಿದಿದೆ. ಹೂಳುವುದಕ್ಕೂ ಕೊರೆಯುವುದಕ್ಕೂ ಇರುವ ಈ ನಂಟು ಹದಿನಾರನೆಯ ಶತಮಾನದಲ್ಲಿ ಇನ್ನೂ ಜೀವಂತವಾಗಿತ್ತು. ೧೫೯೦ರಲ್ಲಿ ಪ್ರಕಟವಾದ ‘ಫೇರಿ ಕ್ವೀನ್’ ಕಾವ್ಯದ ಮೊದಲನೆಯ ಕಾಂಡದಲ್ಲಿ ಸ್ಪೆನ್ಸರನು ಏಳು ಮಂದಿ ಸೇವಾವ್ರತಿಗಳನ್ನು ವರ್ಣಿಸುತ್ತ, ಆರನೆಯವನ ಕೆಲಸವಾದ ಶವಸಂಸ್ಕಾರಕ್ಕೆ ‘ಎನ್‌ಗ್ರೇವ್’ ಎಂಬ ಪದವನ್ನೇ ಬಳಸಿದ್ದಾನೆ. ಅಲ್ಲಿ ಉಳಿಯೂ ಇಲ್ಲ, ತಾಮ್ರದ ತಗಡೂ ಇಲ್ಲ; ಇರುವುದು ಗುದ್ದಲಿ.

ಇಲ್ಲಿ ಒಂದು ಭ್ರಾಂತಿಯನ್ನು ನಿವಾರಿಸಬೇಕಾಗಿದೆ. ಗ್ರೀಕರ ‘ಗ್ರಾಫೈನ್’ ಎಂದರೆ ಬರೆಯುವುದು. ಉಚ್ಚಾರಣೆಯ ಸಾದೃಶ್ಯದಿಂದ ‘ಗ್ರೇವ್’ ಎಂಬುದು ಇದರಿಂದಲೇ ಹುಟ್ಟಿತೆಂದು ಹೇಳುವವರುಂಟು. ತೌಲನಿಕ ಭಾಷಾಶಾಸ್ತ್ರವು ಇದನ್ನು ಒಪ್ಪುವುದಿಲ್ಲ. ಗ್ರೀಕ್ ಧಾತುವಿನ ನಿಜವಾದ ಇಂಗ್ಲಿಷ್ ಜ್ಞಾತಿ, ಕೆತ್ತು ಎಂಬ ಅರ್ಥದ ‘ಕಾರ್ವ್’. ‘ಗ್ರೇವ್’ ಬೇರೊಂದು ಮೂಲಕ್ಕೆ ಸೇರಿದ್ದು. ರೂಪದಲ್ಲಿ ಹೋಲುವುದು ಬಂಧುವಲ್ಲ, ಹೋಲದಿರುವುದೇ ಬಂಧು! ಇನ್ನು ಇಂಗ್ಲಿಷಿನ ‘ರೈಟ್’ ಎಂಬ ಸಾಮಾನ್ಯ ಪದವೂ ಮೂಲದಲ್ಲಿ ಗೀರುವುದು, ಸೀಳುವುದು ಎಂಬ ಅರ್ಥದ್ದೇ. ಲ್ಯಾಟಿನ್ನಿನ ‘ಸ್ಕ್ರೀಬೆರೆ’ ಎಂಬುದರ ಮೂಲವೂ ಕೊಯ್ಯುವ ಅರ್ಥವುಳ್ಳದ್ದು. ಮಸಿಯು ಬರುವುದಕ್ಕೆ ಮುಂಚೆ ಬರವಣಿಗೆಯೆಂಬುದು ಪಾಶ್ಚಾತ್ಯ ದೇಶಗಳಲ್ಲಿ ಬಹುಮಟ್ಟಿಗೆ ಕೊರೆತವೇ ಆಗಿದ್ದಿತು. ಕನ್ನಡ ನಾಡಿನ ಓದುಗರಿಗೆ ಇದು ಆಶ್ಚರ್ಯವನ್ನುಂಟುಮಾಡಲಾರದು. ಓಲೆಯ ಮೇಲೆ ಕಬ್ಬಿಣದ ಕಂಟದಿಂದ ಗೀರಿ, ಆಮೇಲೆ ಕಾಡಿಗೆ ಸವರಿ ಅಕ್ಷರವನ್ನು ಕಾಣಿಸುತ್ತಿದ್ದ ನಮ್ಮ ಹಿಂದಿನ ಲಿಪಿಕಾರರು ಆ ಕೆಲಸವನ್ನು ‘ಬರೆ’ ಎಂದೇ ಕರೆದರು. ಕಾಸಿದ ಕಬ್ಬಿಣದಿಂದ ಮೈಮೇಲೆ ಎಳೆದ ಗುರುತಿಗೂ ಬರೆಯೆಂದೇ ಹೆಸರು.

ಹೃದಯದ ಮೇಲಣ ಕೊರೆತವೆಂಬ ಲಕ್ಷ್ಯಾರ್ಥವು ಇಂಗ್ಲಿಷಿಗೆ ಬಂದ ದಾರಿಗಳು ಎರಡು: ಒಂದು ಹೀಬ್ರೂ, ಇನ್ನೊಂದು ಗ್ರೀಕ್. ಹೀಬ್ರೂ ಭಾಷೆಯಲ್ಲಿ ‘ಹಾಕಕ್’ ಎಂಬ ಧಾತುವಿಗೆ ಕೊರೆಯುವುದೆಂದು ಅರ್ಥ. ಆ ಧಾತುವಿನಿಂದಲೇ ‘ಹೋಕ್’ ಎಂಬ ನಾಮಪದ ನಿಷ್ಪನ್ನವಾಗಿದೆ, ಅದರ ಅರ್ಥ ಕಟ್ಟಳೆ, ಶಾಸನ. ಕೊರೆಯಲ್ಪಟ್ಟದ್ದೇ ವಿಧಿ. ಸೀನಾಯ್ ಬೆಟ್ಟದ ಆಜ್ಞೆಗಳು ಕಲ್ಲಿನ ಹಲಗೆಗಳ ಮೇಲೆ ಕೊರೆಯಲ್ಪಟ್ಟುವೆಂಬ ಕಥೆಯನ್ನು ನಂಬಿದ ಜನಕ್ಕೆ, ಮನಸ್ಸಿನ ಮೇಲಣ ಕೊರೆತವೆಂದರೆ ಮಧುರಸ್ಮರಣೆಯಲ್ಲ, ಮೀರಲಾಗದ ಅಪ್ಪಣೆ. ಯೆರೆಮೀಯನ ಗ್ರಂಥದಲ್ಲಿ ಯೆಹೂದದ ಪಾಪವು ಕಬ್ಬಿಣದ ಲೇಖನಿಯಿಂದಲೂ ವಜ್ರದ ಮೊನೆಯಿಂದಲೂ ಹೃದಯದ ಹಲಗೆಯ ಮೇಲೆ ಕೊರೆಯಲ್ಪಟ್ಟಿದೆಯೆಂಬ ಮಾತು ಬರುತ್ತದೆ. ಅಲ್ಲಿರುವ ಧಾತುವಿಗೆ ನೇಗಿಲಿನಿಂದ ಉಳುವುದೆಂಬ ಅರ್ಥವೂ ಉಂಟು. ಅದೇ ಗ್ರಂಥದಲ್ಲಿ ಮುಂದೆ, ಧರ್ಮಶಾಸನವನ್ನೇ ಜನರ ಹೃದಯದಲ್ಲಿ ಬರೆಯುವೆನೆಂಬ ದೇವರ ವಾಗ್ದಾನವಿದೆ. ಪಾಪವು ಕೊರೆದಿದ್ದ ಸ್ಥಳದಲ್ಲಿಯೇ ಧರ್ಮವೂ ಬರೆಯಲ್ಪಡಬೇಕು ಎಂಬುದು ಅಭಿಪ್ರಾಯ. ಸಂತ ಪೌಲನು ಈ ಭಾವವನ್ನು ಗ್ರೀಕ್ ಭಾಷೆಗೆ ತಂದು, ಕಲ್ಲಿನ ಹಲಗೆಗೂ ಮಾಂಸದ ಹಲಗೆಗೂ ಇರುವ ವ್ಯತ್ಯಾಸವನ್ನು ಕೊರಿಂಥದವರಿಗೆ ತಿಳಿಸಿದನು. ಶಾಸ್ತ್ರವನ್ನು ಕೇಳದ ಜನಾಂಗಗಳವರ ಹೃದಯದಲ್ಲಿಯೂ ಧರ್ಮವು ಬರೆದಿದೆಯೆಂದು ರೋಮಿನವರಿಗೆ ಬರೆದನು. ಈ ಕೊನೆಯ ಮಾತು ಮುಂದೆ ತತ್ತ್ವಶಾಸ್ತ್ರದಲ್ಲಿ ದೊಡ್ಡ ಜಗಳಕ್ಕೆ ಬೀಜವಾಯಿತು.

ಈ ಗ್ರಂಥಗಳ ೧೬೧೧ರ ಇಂಗ್ಲಿಷ್ ಭಾಷಾಂತರವು ಕೊರೆತದ ಪದಗಳನ್ನು ಮನೆಮನೆಗೆ ಮುಟ್ಟಿಸಿತು. ಅದರಲ್ಲಿ ಒಂದು ಸ್ಥಳ ವಿಶೇಷವಾಗಿ ಗಮನಾರ್ಹವಾದುದು. ದುಃಖಪೀಡಿತನಾದ ಯೋಬನು ತನ್ನ ಮಾತುಗಳು ಬರೆಯಲ್ಪಡಬಾರದೇ, ಪುಸ್ತಕದಲ್ಲಿ ಕೊರೆಯಲ್ಪಡಬಾರದೇ, ಕಬ್ಬಿಣದ ಲೇಖನಿಯಿಂದಲೂ ಸೀಸದಿಂದಲೂ ಬಂಡೆಯ ಮೇಲೆ ಶಾಶ್ವತವಾಗಿ ನಿಲ್ಲಬಾರದೇ ಎಂದು ಹಂಬಲಿಸುತ್ತಾನೆ. ನಡುವಣ ವಾಕ್ಯದಲ್ಲಿರುವುದು ಮೇಲೆ ಹೇಳಿದ ‘ಹಾಕಕ್’ ಧಾತುವೇ. ಭಾಷಾಂತರಕಾರರು ಅಲ್ಲಿ ‘ಪ್ರಿಂಟ್’ ಎಂಬ ಕ್ರಿಯಾಪದವನ್ನು ಇಟ್ಟರು. ಆ ಪದಕ್ಕೆ ಒತ್ತಿ ಗುರುತು ಮಾಡುವುದೆಂಬ ಹಳೆಯ ಅರ್ಥವೂ ಇದ್ದಿತೆಂಬುದು ನಿಜ. ಆದರೂ ೧೪೭೬ರಲ್ಲಿ ಕ್ಯಾಕ್ಸ್‌ಟನ್ನನು ಇಂಗ್ಲೆಂಡಿನಲ್ಲಿ ಅಚ್ಚುಕೂಟವನ್ನು ಸ್ಥಾಪಿಸಿ ಅಷ್ಟುಹೊತ್ತಿಗೆ ೧೩೫ ವರ್ಷಗಳು ಕಳೆದಿದ್ದುವು. ಪುಸ್ತಕದೊಡನೆ ಸೇರಿಬಂದ ಆ ಪದವನ್ನು ಕೇಳಿದ ಭಕ್ತನ ಕಣ್ಣಿಗೆ ಅಚ್ಚಿನ ಹಾಳೆಯಲ್ಲದೆ ಬೇರೇನು ಕಂಡೀತು? ಪ್ರಾಚೀನ ಋಷಿಕಲ್ಪನಾದ ಯೋಬನು ಹೀಗೆ ಅಚ್ಚುಕೂಟವನ್ನು ಬಯಸಿದವನಂತೆ ತೋರುವುದು ಕಾಲವಿರೋಧವೇ ಸರಿ. ಆದರೆ ರೂಪಕವು ಆಯಾ ಕಾಲದ ಉಪಕರಣದ ಹಿಂದೆ ನಡೆಯುತ್ತದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ದೊರೆಯುವುದು ಕಷ್ಟ.

ಗ್ರೀಕ್ ದಾರಿಯು ಬೇರೆ. ಅಲ್ಲಿ ಕಲ್ಲಿಲ್ಲ, ಮೇಣವಿದೆ. ಪ್ಲೇಟೋ ತನ್ನ ‘ಥೀಯಟೀಟಸ್’ ಸಂವಾದದಲ್ಲಿ, ಪ್ರತಿಯೊಬ್ಬನ ಆತ್ಮದಲ್ಲಿಯೂ ಒಂದು ಮೇಣದ ಗಟ್ಟಿಯಿದೆಯೆಂದೂ, ಉಂಗುರದ ಮುದ್ರೆಯನ್ನೊತ್ತಿದಂತೆ ಅನುಭವಗಳು ಅದರ ಮೇಲೆ ಒತ್ತಲ್ಪಡುತ್ತವೆಯೆಂದೂ ಸಾಕ್ರಟೀಸನಿಂದ ಹೇಳಿಸಿದ್ದಾನೆ. ಮೇಣವು ಬಹಳ ಮೃದುವಾದರೆ ಬೇಗ ಕಲಿತು ಬೇಗ ಮರೆಯುವರು. ಗಡುಸಾದರೆ ಮುದ್ರೆಯೇ ಸರಿಯಾಗಿ ಇಳಿಯದು. ಅರಿಸ್ಟಾಟಲನೂ ಸ್ಮೃತಿಯನ್ನು ಕುರಿತ ತನ್ನ ಚಿಕ್ಕ ಪ್ರಬಂಧದಲ್ಲಿ ಇದೇ ಮುದ್ರೆಯುಂಗುರವನ್ನು ತೆಗೆದುಕೊಂಡನು. ಈ ಪರಂಪರೆಯಲ್ಲಿ ಕೊರೆತವೆಂದರೆ ನೆನಪು, ಅದು ಅಳಿಸಿಹೋಗಬಲ್ಲದ್ದು. ಇದೇ ಭಾಷೆಯಿಂದ ಬಂದ ಇನ್ನೊಂದು ಪದವನ್ನೂ ಹೆಸರಿಸಬೇಕು. ‘ಖರಾಕ್ಟೇರ್’ ಎಂದರೆ ಗ್ರೀಕರಲ್ಲಿ ಕೊರೆದ ಗುರುತು, ನಾಣ್ಯದ ಮೇಲಣ ಮುದ್ರೆ. ಕ್ರಿ.ಪೂ. ನಾಲ್ಕನೆಯ ಶತಮಾನದಲ್ಲಿ ಥಿಯೋಫ್ರಾಸ್ಟಸನು ಮನುಷ್ಯರ ಸ್ವಭಾವಭೇದಗಳನ್ನು ಚಿತ್ರಿಸಿದ ಪುಸ್ತಕಕ್ಕೆ ಆ ಪದದ ಬಹುವಚನವೇ ಹೆಸರಾಯಿತು. ಇಂದು ಶೀಲವೆಂಬ ಅರ್ಥದಲ್ಲಿ ಎಲ್ಲರೂ ಆಡುವ ‘ಕ್ಯಾರೆಕ್ಟರ್’ ಎಂಬುದು ಟಂಕಸಾಲೆಯಿಂದ ಹೊರಟದ್ದು.

ಇನ್ನು ಕಸಬಿನ ವಿಷಯ. ಇದನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ಹದಿನೈದನೆಯ ಶತಮಾನದಲ್ಲಿ ಜರ್ಮನಿಯ ಅಕ್ಕಸಾಲಿಗರ ಕೈಯಲ್ಲಿ ತಾಮ್ರದ ತಗಡಿನ ಮೇಲೆ ಕೊರೆದು, ಗೆರೆಗಳಿಗೆ ಮಸಿ ತುಂಬಿ, ಕಾಗದವನ್ನೊತ್ತಿ ಚಿತ್ರ ತೆಗೆಯುವ ಕಲೆಯು ಬೆಳೆಯಿತು. ೧೫೧೪ರಲ್ಲಿ ಡ್ಯೂರರನು ಕೊರೆದ ‘ಮೆಲೆನ್‌ಕೋಲಿಯ’ ಎಂಬ ಚಿತ್ರವು ಆ ಕಲೆಯ ಪರಾಕಾಷ್ಠೆಯೆಂದು ಪ್ರಸಿದ್ಧವಾಗಿದೆ. ಇಂಗ್ಲೆಂಡಿನಲ್ಲಿ ಜಾನ್ ಈವ್ಲಿನ್ ೧೬೬೨ರಲ್ಲಿ ಈ ವಿದ್ಯೆಯನ್ನು ಕುರಿತು ‘ಸ್ಕಲ್ಪ್‌ಟೂರಾ’ ಎಂಬ ಗ್ರಂಥವನ್ನು ಹೊರಡಿಸಿದನು. ಶಿಲ್ಪವೆಂಬ ಪದವು ಆಗ ತಗಡಿನ ಕೊರೆತಕ್ಕೂ ಸಲ್ಲುತ್ತಿದ್ದಿತು. ಅಂದಿನ ಚಿತ್ರಗಳ ಕೆಳಗೆ ವರ್ಣಚಿತ್ರ ಬರೆದವನ ಹೆಸರೂ, ರೇಖೆ ತೆಗೆದವನ ಹೆಸರೂ, ಕೊರೆದವನ ಹೆಸರೂ ಬೇರೆಬೇರೆ ಲ್ಯಾಟಿನ್ ಕ್ರಿಯಾಪದಗಳೊಡನೆ ಕಾಣುತ್ತವೆ. ಶಾಸನದ ಕೊನೆಯಲ್ಲಿ ಪದ್ಯ ಹೇಳಿದವನನ್ನೂ, ಬರೆದವನನ್ನೂ, ಕಂಡರಿಸಿದ ರೂವಾರಿಯನ್ನೂ ಪ್ರತ್ಯೇಕವಾಗಿ ಸ್ಮರಿಸುವ ಕನ್ನಡ ನಾಡಿನ ಪದ್ಧತಿಯನ್ನು ಬಲ್ಲವರಿಗೆ ಇದರ ಔಚಿತ್ಯವನ್ನು ವಿವರಿಸಬೇಕಾಗಿಲ್ಲ. ಒಂದು ಸಂಗತಿಯನ್ನು ಮಾತ್ರ ಇಲ್ಲಿ ಮರೆಯಲಾಗದು. ಶಾಶ್ವತತೆಗೆ ಉಪಮಾನವಾದ ತಾಮ್ರದ ಕೊರೆತವು ವಸ್ತುತಃ ಶಾಶ್ವತವಲ್ಲ. ಪ್ರತಿಯೊಂದು ಮುದ್ರಣದಲ್ಲಿಯೂ ತಗಡು ಸವೆಯುತ್ತದೆ. ಗೆರೆಗಳು ಮಾಸಿದ ಮೇಲೆ ಕೊರೆದವನೇ ಮತ್ತೆ ಉಳಿ ಹಿಡಿದು ಆಳಮಾಡಬೇಕು. ಹತ್ತೊಂಬತ್ತನೆಯ ಶತಮಾನದಲ್ಲಿ ಉಕ್ಕಿನ ತಗಡು ಬಳಕೆಗೆ ಬರುವುದಕ್ಕೆ ಈ ಸವೆತವೇ ಕಾರಣ.

ಕವಿಗಳು ಈ ಎರಡು ದಾರಿಗಳನ್ನೂ ಬಲ್ಲವರಾಗಿದ್ದರು. ಉಪಕಾರವನ್ನು ಧೂಳಿನಲ್ಲಿಯೂ ಅಪಕಾರವನ್ನು ಅಮೃತಶಿಲೆಯಲ್ಲಿಯೂ ಜನರು ಬರೆದಿಡುತ್ತಾರೆಂದು ಸರ್ ಥಾಮಸ್ ಮೋರನು ಮೂರನೆಯ ರಿಚರ್ಡನ ಚರಿತ್ರೆಯಲ್ಲಿ ನೊಂದು ನುಡಿದಿದ್ದಾನೆ. ಷೇಕ್ಸ್‌ಪಿಯರನೂ ಫ್ಲೆಚರನೂ ಸೇರಿ ರಚಿಸಿದ ‘ಎಂಟನೆಯ ಹೆನ್ರಿ’ ನಾಟಕದಲ್ಲಿ ಅದೇ ಭಾವವು ಹಿತ್ತಾಳೆ, ನೀರು ಎಂಬ ಜೋಡಿಯಾಗಿ ಮಾರ್ಪಟ್ಟಿದೆ. ಆದರೆ ವಾಚ್ಯವೂ ಲಕ್ಷ್ಯವೂ ಒಂದೇ ರಂಗದ ಮೇಲೆ ಎದುರುಬದುರಾಗಿ ನಿಂತಿರುವುದು ‘ಹ್ಯಾಮ್ಲೆಟ್’ ನಾಟಕದ ಮೊದಲನೆಯ ಅಂಕದಲ್ಲಿ. ತಂದೆಯ ಪ್ರೇತವು ತನ್ನನ್ನು ಮರೆಯಬೇಡವೆಂದು ಹೇಳಿ ಮಾಯವಾದ ಕೂಡಲೆ ರಾಜಕುಮಾರನು, ಸ್ಮೃತಿಯ ಹಲಗೆಯಿಂದ ಓದಿದ್ದನ್ನೂ ಕಂಡದ್ದನ್ನೂ ಎಲ್ಲ ಒರಸಿಹಾಕಿ, ಆ ಅಪ್ಪಣೆಯೊಂದನ್ನೇ ಮಿದುಳಿನ ಗ್ರಂಥದಲ್ಲಿ ಉಳಿಸುವೆನೆಂದು ಪ್ರತಿಜ್ಞೆಮಾಡುತ್ತಾನೆ. ಮರುಕ್ಷಣದಲ್ಲಿಯೇ, ನಗುನಗುತ್ತಲೇ ನೀಚನಾಗಿರಬಹುದೆಂಬ ಸಂಗತಿಯನ್ನು ಬರೆದುಕೊಳ್ಳಲು ತನ್ನ ನಿಜವಾದ ಹಲಗೆಪುಸ್ತಕವನ್ನು ಹುಡುಕುತ್ತಾನೆ. ಆ ಕಾಲದ ಇಂಥ ಪುಸ್ತಕಗಳ ಹಾಳೆಗಳಿಗೆ ಒಂದು ಬಗೆಯ ಲೇಪವಿರುತ್ತಿತ್ತು. ಲೋಹದ ಕಡ್ಡಿಯಿಂದ ಬರೆದು, ಒದ್ದೆಬಟ್ಟೆಯಿಂದ ಒರಸಿ, ಪುನಃ ಬರೆಯಬಹುದಾಗಿತ್ತು. ಈಚಿನ ಸಂಶೋಧನೆಯಿಂದ ಸ್ಪಷ್ಟವಾದ ಈ ಅಂಶವನ್ನು ಸೇರಿಸಿಕೊಂಡು ಓದಿದರೆ ಪ್ರತಿಜ್ಞೆಯ ದೌರ್ಬಲ್ಯವು ತಾನಾಗಿ ಗೋಚರಿಸುತ್ತದೆ. ಒರಸಿ ಬರೆದದ್ದನ್ನು ಮತ್ತೂ ಒರಸಬಹುದು. ಮೂರನೆಯ ಅಂಕದಲ್ಲಿ ಪ್ರೇತವು ಎರಡನೆಯ ಸಲ ಬಂದು, ಮರೆಯಬೇಡವೆಂದು ಮತ್ತೆ ಹೇಳಬೇಕಾಯಿತು.

ಹದಿನೇಳನೆಯ ಶತಮಾನದಲ್ಲಿ ಈ ರೂಪಕವು ಕವಿಗಳ ಕೈಯಿಂದ ತತ್ತ್ವಜ್ಞರ ಕೈಗೆ ಹೋಯಿತು. ದೇವರಿದ್ದಾನೆ, ಕೊಟ್ಟ ಮಾತಿಗೆ ತಪ್ಪಬಾರದು ಮೊದಲಾದ ಕೆಲವು ತತ್ತ್ವಗಳು ಹುಟ್ಟುವಾಗಲೇ ಎಲ್ಲರ ಮನಸ್ಸಿನಲ್ಲಿಯೂ ಕೊರೆಯಲ್ಪಟ್ಟಿವೆಯೆಂದು ಅನೇಕರು ಬೋಧಿಸುತ್ತಿದ್ದರು. ಚರ್ಬರಿಯ ಲಾರ್ಡ್ ಹರ್ಬರ್ಟನ ‘ಡಿ ವೆರಿಟಾಟೆ’ (೧೬೨೪) ಎಂಬ ಗ್ರಂಥವು ಇಂಥ ಸರ್ವಸಾಮಾನ್ಯ ಭಾವನೆಗಳ ವಾದಕ್ಕೆ ಹೆಸರಾದುದು. ಪೌಲನ ಮಾತಿನಲ್ಲಿ ಲಕ್ಷಣೆಯಾಗಿದ್ದದ್ದು ಇಲ್ಲಿ ಬಹುಮಟ್ಟಿಗೆ ಸಿದ್ಧಾಂತವೇ ಆಗಿಬಿಟ್ಟಿತು. ಇದರ ವ್ಯಾವಹಾರಿಕ ಫಲವೂ ಅಲ್ಪವಾದುದಲ್ಲ. ಯಾವುದು ಮನಸ್ಸಿನಲ್ಲಿ ದೇವರಿಂದಲೇ ಕೊರೆಯಲ್ಪಟ್ಟಿದೆಯೋ ಅದನ್ನು ಪ್ರಶ್ನಿಸುವವನು ಯಾರು? ಗುರುಗಳೂ ಅಧಿಕಾರಿಗಳೂ ತಮಗೆ ಬೇಕಾದ ಅಭಿಪ್ರಾಯವನ್ನು ಈ ಕೊರೆತದ ಪಟ್ಟಿಗೆ ಸೇರಿಸಿದರೆ ವಿಚಾರಕ್ಕೆ ಎಡೆಯೇ ಉಳಿಯುವುದಿಲ್ಲ.

೧೬೮೯ರ ಕೊನೆಯಲ್ಲಿ ಹೊರಬಿದ್ದು ೧೬೯೦ರ ಅಂಕಿತವನ್ನು ಹೊತ್ತ ಜಾನ್ ಲಾಕನ ಮಾನವಬುದ್ಧಿವಿಷಯಕ ಪ್ರಬಂಧವು ತನ್ನ ಮೊದಲನೆಯ ಪುಸ್ತಕವನ್ನೆಲ್ಲ ಈ ವಾದದ ಖಂಡನೆಗೆ ಮೀಸಲಾಗಿಟ್ಟಿದೆ. ಲಾಕನ ವಿಧಾನವು ಸರಳ: ಅವನು ಲಕ್ಷಣೆಯನ್ನು ವಾಚ್ಯವಾಗಿ ತೆಗೆದುಕೊಂಡು ಪರೀಕ್ಷಿಸುತ್ತಾನೆ. ಅಕ್ಷರವು ಕೊರೆದಿದ್ದರೆ ಓದಿಗೆ ಬರಬೇಕು. ಮನಸ್ಸಿನ ಮೇಲೆ ಒತ್ತಲ್ಪಟ್ಟಿದ್ದೂ ಮನಸ್ಸಿಗೆ ತಿಳಿಯದ ಮುದ್ರೆಯೆಂಬುದು ಅರ್ಥಶೂನ್ಯವಾದ ಮಾತು. ಮಕ್ಕಳಿಗೂ ಬುದ್ಧಿಮಾಂದ್ಯರಿಗೂ ಆ ತತ್ತ್ವಗಳು ತಿಳಿಯವು. ಪ್ರಕೃತಿಯೇ ಕೊರೆದ ಬರಹವಾಗಿದ್ದ ಪಕ್ಷದಲ್ಲಿ, ರೂಢಿಯೂ ವಿದ್ಯಾಭ್ಯಾಸವೂ ಇನ್ನೂ ಮಾಸಿಸದಿರುವ ಅವರಲ್ಲಿಯೇ ಅದು ಎಲ್ಲರಿಗಿಂತ ನಿಚ್ಚಳವಾಗಿ ಕಾಣಬೇಕಾಗಿತ್ತಲ್ಲವೆ? ಹೀಗೆ ಕೇಳಿ, ಎರಡನೆಯ ಪುಸ್ತಕದಲ್ಲಿ ಮನಸ್ಸನ್ನು ಯಾವ ಅಕ್ಷರವೂ ಇಲ್ಲದ ಬಿಳಿಯ ಕಾಗದಕ್ಕೆ ಹೋಲಿಸುತ್ತಾನೆ. ಕಲ್ಲೂ ತಾಮ್ರವೂ ಹೋಗಿ ಕಾಗದ ಬಂದಿತು. ದೇವರ ಉಳಿಯಿದ್ದ ಕಡೆಗೆ ಅನುಭವವೆಂಬ ಲೇಖನಿ ಬಂದಿತು.

ಆದರೆ ಲಾಕನು ಕೊರೆತದ ರೂಪಕವನ್ನು ಹೊರಗೆ ಹಾಕಿದನೆಂದು ತಿಳಿಯಬಾರದು. ಹುಟ್ಟುಗುಣದಿಂದ ಅದನ್ನು ಬಿಡಿಸಿ ಸ್ಮೃತಿಯ ಪ್ರಕರಣಕ್ಕೆ ತಂದನು. ಕೆಲವರ ಮಿದುಳು ತನ್ನ ಮೇಲೆ ಬರೆದುದನ್ನು ಅಮೃತಶಿಲೆಯಂತೆ ಉಳಿಸಿಕೊಳ್ಳುತ್ತದೆ, ಕೆಲವರದು ಮೆತುಗಲ್ಲಿನಂತೆ, ಇನ್ನು ಕೆಲವರದು ಮರಳಿಗಿಂತ ಸ್ವಲ್ಪವೇ ಮೇಲು. ಅಲ್ಲಿಯೇ ಅವನ ಅತ್ಯಂತ ಮನೋಹರವಾದ ಮಾತೂ ಇದೆ: ಯೌವನದ ಭಾವನೆಗಳು ಮಕ್ಕಳಂತೆ ಅನೇಕವೇಳೆ ನಮಗಿಂತ ಮುಂಚೆಯೇ ಸಾಯುತ್ತವೆ, ಮನಸ್ಸು ಸಮಾಧಿಯಂತಾಗುತ್ತದೆ, ಹಿತ್ತಾಳೆಯೂ ಅಮೃತಶಿಲೆಯೂ ನಿಂತಿದ್ದರೂ ಅವುಗಳ ಮೇಲಣ ಬರಹವನ್ನು ಕಾಲವು ಅಳಿಸಿಬಿಟ್ಟಿರುತ್ತದೆ. ಅಳಿಯದಿರುವಿಕೆಗೆ ಸಂಕೇತವಾಗಿದ್ದ ಕೊರೆತವು ಇಲ್ಲಿ ಅಳಿವಿಗೆ ಸಂಕೇತವಾಯಿತು. ಗದ್ಯದಲ್ಲಿ ಅಲಂಕಾರವನ್ನು ಸಂದೇಹದಿಂದ ನೋಡುತ್ತಿದ್ದ ಲೇಖಕನೊಬ್ಬನು ಇಂಥ ವಾಕ್ಯವನ್ನು ಬರೆದನೆಂಬುದು ಸ್ವಾರಸ್ಯವಾದ ವಿಷಯ.

ಇದಕ್ಕೆ ಪ್ರತ್ಯುತ್ತರವು ಜರ್ಮನಿಯಿಂದ ಬಂದಿತು. ಲೈಬ್‌ನಿಟ್ಸನು ಲಾಕನ ಗ್ರಂಥವನ್ನು ಪ್ರಕರಣ ಪ್ರಕರಣವಾಗಿ ವಿಮರ್ಶಿಸಿ ಫ್ರೆಂಚಿನಲ್ಲಿ ‘ನೂತನ ಪ್ರಬಂಧಗಳ’ನ್ನು ಬರೆದನು, ೧೭೦೪ರಲ್ಲಿ ಲಾಕನು ಕಾಲವಾದುದರಿಂದ ಅದನ್ನು ಪ್ರಕಟಿಸದೆ ತಡೆದನು, ಅದು ಬೆಳಕು ಕಂಡದ್ದು ೧೭೬೫ರಲ್ಲಿ. ಅದರ ಪೀಠಿಕೆಯಲ್ಲಿ ಬರುವ ದೃಷ್ಟಾಂತ ಇದು. ಯಾವ ಗೆರೆಯೂ ಇಲ್ಲದ ಅಮೃತಶಿಲೆಯಲ್ಲಿ ಯಾವ ರೂಪವನ್ನಾದರೂ ಕೆತ್ತಬಹುದು. ಆದರೆ ಶಿಲೆಯೊಳಗಣ ನರಗಳೇ ಹರ್ಕ್ಯುಲೀಸನ ಆಕೃತಿಯನ್ನು ಅನುಸರಿಸಿ ಹರಿದಿದ್ದರೆ, ಆ ಆಕೃತಿಯು ಒಂದು ರೀತಿಯಲ್ಲಿ ಶಿಲೆಗೆ ಸಹಜವಾದುದೆನ್ನಬೇಕು, ಅದನ್ನು ಹೊರಗೆಡಹಿ ನಯಗೊಳಿಸುವ ಶ್ರಮವು ಮಾತ್ರ ಶಿಲ್ಪಿಗೆ ತಪ್ಪಿದ್ದಲ್ಲ. ಕೊರೆದ ಅಕ್ಷರವೂ ಬೇಡ, ಬರಿಯ ಕಾಗದವೂ ಬೇಡ. ಕಲ್ಲನ್ನು ಆರಿಸುವಾಗ ಅದರ ಪದರ, ನರ, ಬಿರುಕುಗಳನ್ನು ನೋಡುವ ಯಾವ ಶಿಲ್ಪಿಯೂ ಈ ಉತ್ತರವನ್ನು ಮೆಚ್ಚುವನು. ಕಸಬಿನ ಜ್ಞಾನದಲ್ಲಿ ಲೈಬ್‌ನಿಟ್ಸನ ದೃಷ್ಟಾಂತವು ಲಾಕನ ಕಾಗದಕ್ಕಿಂತ ಮೇಲು. ಆದರೆ ಅಧಿಕಾರದ ಹಿಡಿತವನ್ನು ಸಡಿಲಿಸುವುದರಲ್ಲಿ ಬಲವಾದದ್ದು ಲಾಕನ ಕಾಗದವೇ.

‘ಎಚ್’ ಎಂಬ ಮತ್ತೊಂದು ಕ್ರಿಯಾಪದವನ್ನು ಈಗಿನ ಬರವಣಿಗೆಯಲ್ಲಿ ‘ಎನ್‌ಗ್ರೇವ್’ ಎಂಬುದಕ್ಕೆ ಪರ್ಯಾಯವಾಗಿಯೇ ಬಳಸುವುದು ರೂಢಿಯಾಗಿದೆ. ಮೂಲದಲ್ಲಿ ಅವೆರಡೂ ಒಂದಲ್ಲ. ಇದು ೧೬೩೦ರ ದಶಕದಲ್ಲಿ ಡಚ್ ಭಾಷೆಯಿಂದ ಬಂದದ್ದು. ಅದರ ಹಿಂದಿರುವ ಜರ್ಮನ್ ಧಾತುವಿಗೆ ತಿನ್ನಿಸುವುದು ಎಂದು ಅರ್ಥ. ತಗಡಿಗೆ ಮೇಣದ ಲೇಪವನ್ನು ಹಚ್ಚಿ, ಸೂಜಿಯಿಂದ ಆ ಲೇಪವನ್ನು ಮಾತ್ರ ಗೀರಿ, ಆಮ್ಲದಲ್ಲಿ ಅದ್ದಿದರೆ, ಗೀರಿದ ಕಡೆಯಲ್ಲಿ ಲೋಹವನ್ನು ಆಮ್ಲವು ತಿನ್ನುತ್ತದೆ. ಉಳಿಯ ಕೆಲಸದಲ್ಲಿ ಕೈಯ ಬಲವೇ ಗೆರೆಯ ಆಳ. ಆಮ್ಲದ ಕೆಲಸದಲ್ಲಿ ಕೈ ಹಗುರ, ಆಳವನ್ನು ಮಾಡುವುದು ಕಾಲ. ನೋವು ನಿಧಾನವಾಗಿ ಮನಸ್ಸನ್ನು ತಿಂದು ಗುರುತು ಮಾಡಿತೆಂಬಲ್ಲಿ ಎರಡನೆಯ ಪದವು ಒಪ್ಪುವಂತೆ ಮೊದಲನೆಯದು ಒಪ್ಪದು. ೧೭೭೨ರಿಂದ ಏಳು ವರ್ಷಗಳ ಕಾಲ ಜೇಮ್ಸ್ ಬೇಸಿಯರನಲ್ಲಿ ಶಿಷ್ಯನಾಗಿದ್ದು ಕೊರೆತದ ಕೆಲಸವನ್ನು ಕಲಿತ ವಿಲಿಯಂ ಬ್ಲೇಕನು ಈ ವ್ಯತ್ಯಾಸವನ್ನು ಕೈಯಾರೆ ಬಲ್ಲವನು. ೧೭೮೮ರ ಸುಮಾರಿಗೆ ಅವನು ಕ್ರಮವನ್ನೇ ತಿರುಗುಮುರುಗು ಮಾಡಿದನು: ಆಮ್ಲಕ್ಕೆ ಅಂಜದ ದ್ರವದಿಂದ ತಗಡಿನ ಮೇಲೆ ಅಕ್ಷರಗಳನ್ನು ಬರೆದು, ಉಳಿದ ತಾಮ್ರವನ್ನು ಆಮ್ಲಕ್ಕೆ ತಿನ್ನಿಸಿ, ಅಕ್ಷರಗಳನ್ನು ಉಬ್ಬಾಗಿ ನಿಲ್ಲಿಸಿದನು. ಸ್ವರ್ಗನರಕಗಳ ವಿವಾಹವೆಂಬ ತನ್ನ ಗ್ರಂಥದಲ್ಲಿ ಇದೇ ಪ್ರಕ್ರಿಯೆಯನ್ನು ರೂಪಕವಾಗಿ ಎತ್ತಿಕೊಂಡು, ಮೇಲಣ ತೋರಿಕೆಯನ್ನು ಕರಗಿಸಿ ಒಳಗೆ ಅಡಗಿದ್ದ ಅನಂತವನ್ನು ಪ್ರಕಟಪಡಿಸುವುದೇ ತನ್ನ ಮುದ್ರಣವೆಂದು ಹೇಳಿಕೊಂಡಿದ್ದಾನೆ. ಲೈಬ್‌ನಿಟ್ಸನನ್ನು ಅವನು ಓದಿರಬೇಕಾದುದಿಲ್ಲ. ಕಲ್ಲಿನ ನರವನ್ನು ಬಲ್ಲ ಶಿಲ್ಪಿಯಂತೆ ತಾಮ್ರವನ್ನು ಬಲ್ಲವನಾಗಿದ್ದರೆ ಸಾಕಾಗಿತ್ತು.

ಹತ್ತೊಂಬತ್ತನೆಯ ಶತಮಾನದಿಂದ ಈಚೆಗೆ ‘ಎನ್‌ಗ್ರೇವ್’ ಎಂಬುದರ ಲಕ್ಷ್ಯಾರ್ಥವು ಆಲಂಕಾರಿಕರು ನಿರೂಢಲಕ್ಷಣೆಯೆಂದು ಕರೆಯುವ ಸ್ಥಿತಿಗೆ ಇಳಿಯಿತು. ಕೇಳಿದವನಿಗೆ ಉಳಿಯೂ ತಗಡೂ ನೆನಪಿಗೆ ಬರುವುದಿಲ್ಲ. ಕನ್ನಡಕ್ಕೆ ಭಾಷಾಂತರಿಸುವವರಿಗೆ ಇಲ್ಲಿ ಆಯ್ಕೆಯುಂಟು, ಆಯ್ಕೆಯ ಹೊಣೆಯೂ ಉಂಟು. ‘ಅಚ್ಚೊತ್ತು’ ಎಂದರೆ ಪ್ಲೇಟೋವಿನ ಮುದ್ರೆಯುಂಗುರ; ‘ನಾಟು’ ಎಂದರೆ ಬಾಣ ಇಲ್ಲವೆ ಸಸಿ; ‘ಕಂಡರಿಸು’ ಎಂದರೆ ಶಾಸನ. ಯೆರೆಮೀಯನ ವಾಕ್ಯಕ್ಕೆ ಮೂರನೆಯದೇ ತಕ್ಕದ್ದು, ಮೊದಲನೆಯದು ಸಾಲದು. ಈ ಭೇದಗಳನ್ನು ಒಂದೇ ಉಸಿರಿನಲ್ಲಿ ಎಣಿಸಿದ ಮಹಾಕವಿ ಭವಭೂತಿ. ‘ಮಾಲತೀಮಾಧವ’ದ ಐದನೆಯ ಅಂಕದಲ್ಲಿ ಮಾಧವನು, ಪ್ರಿಯೆಯು ತನ್ನ ಚಿತ್ತದಲ್ಲಿ ಕರಗಿದವಳಂತೆ, ಪ್ರತಿಬಿಂಬಿಸಿದವಳಂತೆ, ಚಿತ್ರಿತಳಾದಂತೆ, ಕೊರೆಯಲ್ಪಟ್ಟವಳಂತೆ, ವಜ್ರಲೇಪದಿಂದ ಅಂಟಿಸಲ್ಪಟ್ಟವಳಂತೆ, ಮನ್ಮಥನ ಬಾಣಗಳಿಂದ ಕೀಲಿಸಲ್ಪಟ್ಟವಳಂತೆ, ಚಿಂತೆಯ ದಾರದಿಂದ ಹೊಲಿಯಲ್ಪಟ್ಟವಳಂತೆ ಇದ್ದಾಳೆಂದು ಹೇಳಿಕೊಳ್ಳುತ್ತಾನೆ. ಇಲ್ಲಿ ಕೊರೆತವು ಹಲವು ಬಗೆಗಳಲ್ಲಿ ಒಂದು ಮಾತ್ರ. ಅದು ಸಾಲದೆಂದೇ ಉಳಿದವನ್ನು ಕವಿ ಸೇರಿಸಿದ್ದಾನೆ.

ವಾಚ್ಯವೂ ಲಕ್ಷ್ಯವೂ ಒಂದೇ ಕಲ್ಲಿನ ಮೇಲೆ ಕೂಡಿರುವ ಸ್ಥಳವೊಂದು ರೋಮ್ ನಗರದ ಪ್ರಾಟೆಸ್ಟೆಂಟ್ ಸ್ಮಶಾನದಲ್ಲಿದೆ. ೧೮೨೧ನೆಯ ಫೆಬ್ರವರಿ ೨೩ರಂದು ಅಲ್ಲಿ ತೀರಿಕೊಂಡ ಜಾನ್ ಕೀಟ್ಸನು, ತನ್ನ ಸಮಾಧಿಯ ಮೇಲೆ ಹೆಸರನ್ನು ಹಾಕಬಾರದೆಂದೂ, ಹೆಸರನ್ನು ನೀರಿನಲ್ಲಿ ಬರೆದುಕೊಂಡವನೊಬ್ಬನು ಇಲ್ಲಿ ಮಲಗಿದ್ದಾನೆಂಬ ಅರ್ಥದ ಮಾತೊಂದೇ ಸಾಕೆಂದೂ ಕೇಳಿಕೊಂಡಿದ್ದನು. ಮಿತ್ರರು ತಮ್ಮ ದುಃಖಕ್ಕೂ ಕೋಪಕ್ಕೂ ತಕ್ಕ ನಾಲ್ಕು ಮಾತುಗಳನ್ನು ಮೇಲೆ ಸೇರಿಸಿದರೂ, ಹೆಸರನ್ನು ಕೊರೆಯಿಸಲಿಲ್ಲ. ನೀರಿನ ಮೇಲಣ ಆ ಬರಹವು ಕಲ್ಲಿನಲ್ಲಿ ಇಂದಿಗೂ ಓದಿಗೆ ಬರುತ್ತದೆ. 1879ರಲ್ಲಿ ಗತಿಸಿದ ಅವನ ಸ್ನೇಹಿತ ಜೋಸೆಫ್ ಸೆವರ್ನನ ಸಮಾಧಿಯು ಪಕ್ಕದಲ್ಲಿಯೇ ಇದೆ. ಹೋದವರು ಕೀಟ್ಸನ ಹೆಸರನ್ನು ಓದಬಹುದಾದದ್ದು ಆ ಕಲ್ಲಿನ ಮೇಲೆ.